ಬರಿಗಾಲಿನ ಡ್ರೈವರ್ ಮತ್ತು ನನ್ನ ಹಿತ್ತಾಳೆ ಡಬ್ಬಿ

1951ನೇ ಇಸವಿ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಬಳ್ಳಾರಿ ಆಗಿನ್ನೂ ಮದ್ರಾಸಿಗೆ ಸೇರಿತ್ತು. ನಾನು ಕಾಲುವೆಗೆ ಜಾಗ ಅಳೆಯುವ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಹೊಲದಲ್ಲಿ ನಿಂತು ಅಳೆಯುವವರು ಕೂಗಿ ಹೇಳಿದ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಅದಕ್ಕಿಂತ ಹೆಚ್ಚು ಹೊತ್ತು ಮಾಡುತ್ತಿದ್ದ ಕೆಲಸವೆಂದರೆ ಹೆದರುವುದು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಅಂತ ಸತ್ಯನಾರಾಯಣಪೇಟೆಯ ಮೂಲೆಯಿಂದ ಎರಡು ಸಲ ವಾಪಸು ಬಂದು ನೋಡುತ್ತಿದ್ದೆ, ಮನೆಯೊಳಗೆ ಹೆಂಡತಿ ಮಕ್ಕಳು ಇದ್ದಾಗಲೂ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಜೀಪುಗಳಲ್ಲಿ ಒಂದು ನಮ್ಮ ಆಫೀಸಿಗೆ ಬಂದಿತ್ತು. ಸ್ಟೇರಿಂಗು ಎಡಗಡೆ, ಬಾಗಿಲು ಯಾವ ಕಡೆಯೂ ಇಲ್ಲ. ಹೊಲ, ಹಳ್ಳ, ಗಾಡಿಜಾಡು ಏನಿದ್ದರೂ ಅದು ನುಗ್ಗುತ್ತಿತ್ತು. ಅದು ನುಗ್ಗುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಡ್ರೈವರ್ ಖಾಜಾಸಾಬ ಕುರುಗೋಡಿನವನು, ನನಗಿಂತ ಏಳೆಂಟು ವರ್ಷ ಸಣ್ಣವನು. ದಂಡಿಗೆ ಸೇರಿ ಬರ್ಮಾ ಗಡಿಯ ತನಕ ಲಾರಿ ಓಡಿಸಿ ಬಂದಿದ್ದ. ಮಾತು ಕಡಿಮೆ. ನಾವು ಮಾತಾಡಿದರೆ ಮುಖವನ್ನೇ ನೆಟ್ಟಗೆ ನೋಡುತ್ತ ಕೇಳುತ್ತಿದ್ದ. ಅಷ್ಟು ಮರ್ಯಾದೆಯಿಂದ ನನ್ನ ಮಾತು ಕೇಳುವವರು ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ಬೇರೆ ಯಾರೂ ಇರಲಿಲ್ಲ, ಹಾಗಾಗಿ ನನಗೆ ಅವನ ಮೇಲೆ ಅಭಿಮಾನ. ಅವನದು ಒಂದೇ ಒಂದು ವಿಚಿತ್ರ ಅಭ್ಯಾಸ. ಜೀಪು ಓಡಿಸುವಾಗ ಕಾಲಿಗೆ ಏನೂ ಹಾಕುತ್ತಿರಲಿಲ್ಲ. ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟು, ಬರಿಗಾಲಿನಲ್ಲೇ ಬ್ರೇಕು, ಕ್ಲಚ್ಚು ತುಳಿಯುತ್ತಿದ್ದ. ಬೆವತ ಪಾದ ಜಾರಿದರೆ ಏನು ಗತಿ ಅಂತ ನನಗೆ ಚಿಂತೆ ಹತ್ತಿತು. ಸುಮ್ಮನಿರಲಾರದೆ ಒಂದು ದಿನ ಮಾತಿನ ನಡುವೆ ಎಂಜಿನಿಯರ್ ಸಾಹೇಬರ ಕಿವಿಗೆ ಹಾಕಿಬಿಟ್ಟೆ. ಮೂರನೆಯ ದಿನವೇ ಖಾಜಾಸಾಬನಿಗೆ ದಪ್ಪ ತೊಗಲಿನ ಬೂಟು ಬಂತು. ಸರ್ಕಾರಿ ಡ್ರೈವರ್ ಬರಿಗಾಲಿನಲ್ಲಿ ಇರಕೂಡದು ಅಂತ ಅಪ್ಪಣೆಯೂ ಆಯಿತು. ಅವನು ಬೂಟು ತೆಗೆದುಕೊಂಡು ನನ್ನನ್ನೊಮ್ಮೆ ನೋಡಿದ.

ನಮ್ಮ ಸಾಹೇಬರು ತೆಲುಗು ಸೀಮೆಯವರು. ಮೇಲಿನ ತುಟಿಯನ್ನಷ್ಟೇ ಅಲ್ಲ, ಕೆಳಗಿನ ತುಟಿಯನ್ನೂ ಮುಚ್ಚುವಂಥ ಮೀಸೆ ಅವರದು. ಒಳ್ಳೆಯವರೇ, ಆದರೆ ಅನುಮಾನ ಬಂದರೆ ಬಿಡುವವರಲ್ಲ. ಅಳತೆಯ ಕೆಲಸಕ್ಕೆ ಕುರುಗೋಡಿಗೆ ಹೊರಡುವ ಹಿಂದಿನ ದಿನ ನನ್ನನ್ನು ಕರೆದರು.

"ಏಮಯ್ಯಾ ಕೊಟ್ರಪ್ಪಾ, ಆ ಖಾಜಾಸಾಬನ ಕಿವಿ ಸರಿಗಾ ಇದೆಯಾ? ಹಿಂದಿನಿಂದ ಎರಡು ಸಲ ಕೂಗಿದೆ, ತಿರುಗಲೇ ಇಲ್ಲ."

"ಏನೋ ಯೋಚನಿಯೊಳಗ ಇದ್ದಿರಬೇಕು ಸಾರ್."

"ಇರಬಹುದು. ಚೆವುಡು ಇದ್ದವನ ಕೈಯಲ್ಲಿ ಬಂಡಿ ಕೊಡೋಕಾಗದು. ಈ ತಿಂಗಳು ಅವನ ನೌಕರಿ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲಿದೆ. ನಾಳೆ ನೀನೊಬ್ಬನೇ ಅವನ ಜೊತೆ ಹೋಗ್ತೀಯ. ಚೆನ್ನಾಗಿ ನೋಡು. ಸಾಯಂಕಾಲ ಸಿರುಗುಪ್ಪದ ಬಂಗ್ಲೆಯಲ್ಲಿ ಸಿಕ್ಕಾಗ ನನಗೆ ಹೇಳು. ನೀನು ಹೇಳಿದ ಹಾಗೆ ಬರೀತೀನಿ."

ಖಾಜಾಸಾಬನ ಮನೆಯಲ್ಲಿ ತಾಯಿ, ಹೆಂಡತಿ, ಮೂರು ಜನ ಹೆಣ್ಣುಮಕ್ಕಳು. ನೌಕರಿ ಕಾಯಂ ಆಗುವುದೂ ಬಿಡುವುದೂ ನನ್ನ ಒಂದು ಮಾತಿನ ಮೇಲೆ ನಿಂತಿತು. ಬೀಗದ ಬಗ್ಗೆಯೇ ಎರಡು ಸಲ ಯೋಚಿಸುವವನಿಗೆ ಇಂಥ ಕೆಲಸ. ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೆಂಡತಿ ಬಸಮ್ಮ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಇಲ್ಲಿ ನಮ್ಮ ಸರ್ವೆ ಮಂದಿಯ ಒಂದು ಪದ್ಧತಿ ಹೇಳಬೇಕು. ಜೀಪಿನ ಬಾನೆಟ್ ಒಳಗೆ, ಬ್ಯಾಟರಿಗೂ ಇಂಜಿನ್ನಿಗೂ ನಡುವೆ ಒಂದು ಸಂದು ಇತ್ತು. ರೊಟ್ಟಿಯ ಗಂಟನ್ನು ಅಲ್ಲಿ ಸಿಗಿಸಿಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಬಿಸಿಬಿಸಿ ಇರುತ್ತಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು, ಖಾಜಾಸಾಬನೂ ಕೂಡ. ಆದರೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಗೆ ಪೆಟ್ರೋಲಿನ ವಾಸನೆ ಹತ್ತಿ ಹೊಟ್ಟೆ ಕೆಟ್ಟರೆ ಅಂತ ನಾನು ಅವತ್ತು ಒಂದು ಉಪಾಯ ಮಾಡಿದೆ. ರೊಟ್ಟಿಯನ್ನು ಹಿತ್ತಾಳೆ ಡಬ್ಬಿಯಲ್ಲಿ ಹಾಕಿ, ಅದರ ಮೇಲೆ ಎಂದಿನ ಕೆಂಪು ವಸ್ತ್ರ ಸುತ್ತಿ, ಬಾಗಿಲಿಗೆ ಬಂದಿದ್ದ ಜೀಪಿನ ಸಂದಿಗೆ ಸಿಗಿಸಿದೆ. ಹೊರಗಿನಿಂದ ನೋಡಿದರೆ ಯಾವತ್ತಿನ ಗಂಟೇ. ಸೀಟಿನ ಹಿಂದೆ ಕೊಡೆ, ಎರಡು ಬಾಟಲಿ ನೀರು, ಹುಳ ಕಡಿದರೆ ಹಚ್ಚುವ ಔಷಧ, ಒಂದು ಕರಿ ಕಂಬಳಿ.

"ಬಳ್ಳಾರಿ ಬಿಸಲಾಗ ಕಂಬಳಿ ಯಾಕ್ರಿ?" ಅಂದಳು ಬಸಮ್ಮ.

"ಇರಲಿ ಬಿಡು. ಏನಕ್ಕರ ಬೇಕಾಗ್ತೈತಿ."

"ನಿಮ್ಮನ್ನ ನೋಡಿದ್ರ ಊರಿಗೆ ಹೋಗಾಕ ಹೊಂಟಂಗ ಕಾಣಂಗಿಲ್ಲ, ಊರು ಬಿಟ್ಟು ಓಡಿ ಹೊಂಟಂಗ ಕಾಣ್ತೈತಿ."

ಕುರುಗೋಡಿನ ಗುಡ್ಡದ ಕೆಳಗೆ ನೆಟ್ಟಿದ್ದ ಗುರುತಿನ ಕಲ್ಲುಗಳನ್ನು ನೋಡಿ ಬರೆದುಕೊಳ್ಳುವ ಕೆಲಸ ಹನ್ನೊಂದು ಗಂಟೆಗೆ ಮುಗಿಯಿತು. ಖಾಜಾಸಾಬನ ತಾಯಿ ದಾರಿಯಲ್ಲೇ ನಿಂತಿದ್ದಳು. ಮಗನ ಹೊಸ ಬೂಟು ನೋಡಿ ನಕ್ಕು, "ನವಾಬ ಆಗ್ಯಾನ ನೋಡ್ರಿ ನನ್ನ ಮಗ" ಅಂದಳು. ನನಗೆ ತಿನ್ನಲು ಒಂದು ಹಿಡಿ ಶೇಂಗಾ ಕೊಟ್ಟಳು. ಸಾಹೇಬರ ಮಾತು ನೆನಪಾಗಿ ಅದನ್ನು ತಿನ್ನದೆ ಜೇಬಿಗೆ ಹಾಕಿಕೊಂಡೆ.

ಅಲ್ಲಿಂದ ತೆಕ್ಕಲಕೋಟೆಗೆ ಎರೆಹೊಲಗಳ ನಡುವಿನ ಗಾಡಿಜಾಡು ಹಿಡಿದೆವು. ಜೀಪು ಏಳುವುದು, ಬೀಳುವುದು. ಅರ್ಧ ದಾರಿಯಲ್ಲಿ ಇಂಜಿನ್ನಿನ ಸದ್ದು ಬದಲಾಯಿತು. ಒಂದೇ ಸಮ ಬಡಿಯುತ್ತಿದ್ದದ್ದು ಈಗ ಮೂರು ಬಡಿತ ಬಡಿದು, ನಾಲ್ಕನೆಯದರ ಜಾಗದಲ್ಲಿ ಖಾಲಿ ಬಿಡುತ್ತಿತ್ತು. ಕುಂಟುವ ಮನುಷ್ಯ ನಡೆದ ಹಾಗೆ. ಹೆದರುವವನ ಕಿವಿ ಯಾವಾಗಲೂ ಚುರುಕು, ನನಗೆ ತಕ್ಷಣ ಗೊತ್ತಾಯಿತು.

"ಸಾಬ್ರ, ಸದ್ದು ಬ್ಯಾರೆ ಆಗೇತಿ" ಅಂದೆ.

ಅವನು ಮುಂದೆ ನೋಡುತ್ತಲೇ ಓಡಿಸಿದ. ಇನ್ನೊಮ್ಮೆ ಜೋರಾಗಿ ಹೇಳಿದೆ. ಇಲ್ಲ. ಹತ್ತು ನಿಮಿಷ ಹಾಗೇ ಹೋಯಿತು. ನನ್ನ ಎದೆಯೊಳಗೆ ಬೇರೆಯೇ ಒಂದು ಬಡಿತ ಶುರುವಾಯಿತು. ಸಾಹೇಬರು ಹೇಳಿದ್ದು ನಿಜವೇ ಇರಬೇಕು.

ಒಂದು ಹಳ್ಳ ಅಡ್ಡ ಬಂತು. ಮರಳಿಗೆ ಇಳಿದ ಜೀಪು ಆಚೆ ದಂಡೆ ಹತ್ತಲಾರದೆ ಅರ್ಧಕ್ಕೇ ನಡುಗುತ್ತ ನಿಂತಿತು. ಆಗ ಖಾಜಾಸಾಬನಿಗೆ ಅರಿವಾಯಿತು. ಅವನು ಹಿಂದಕ್ಕೆ ಸರಿಸಿ ನಿಲ್ಲಿಸಿದ. ಬಾನೆಟ್ ತೆರೆಯುತ್ತಾನೆ ಅಂದುಕೊಂಡರೆ, ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದ. ಇಂಜಿನ್ನು ಕೆಟ್ಟರೆ ಬೂಟು ಬಿಚ್ಚುವ ಡ್ರೈವರನ್ನು ನಾನು ಅದೇ ಮೊದಲು ನೋಡಿದ್ದು. ಎರಡೂ ಪಾದಗಳನ್ನು ಜೀಪಿನ ತಗಡಿನ ಮೇಲೆ ಊರಿ, ಕಣ್ಣು ಮುಚ್ಚಿ ಅರ್ಧ ನಿಮಿಷ ಕೂತ.

"ನಾಕರೊಳಗ ಒಂದು ಸಿಲಿಂಡರ್ ಸತ್ತೈತ್ರಿ ಗುಮಾಸ್ತರ" ಅಂದ.

"ಪೆಟ್ರೋಲಿನ್ಯಾಗ ಕಸ ಸಿಕ್ಕಿರಬೇಕು" ಅಂದೆ. ನನಗೆ ಗೊತ್ತಿದ್ದ ಒಂದೇ ರೋಗ ಅದು.

ಅವನು ನನ್ನ ಮುಖ ನೋಡಿ ನಕ್ಕ. "ಕಸ ಆಗಿದ್ರ ನಾಕಕ್ಕೂ ಕೆಮ್ಮು ಬರತಿತ್ರಿ. ಒಂದ ಮನಿಯಾಗ ಅಷ್ಟ ಒಲಿ ಹತ್ತಿಲ್ಲ ಅಂದ್ರ ಊರಿಗೆಲ್ಲ ಕಟಗಿ ಇಲ್ಲ ಅನ್ನಾಕ ಬರಂಗಿಲ್ಲ."

ಬಾನೆಟ್ ತೆರೆದ. ಇಂಜಿನ್ನು ಓಡುತ್ತಲೇ ಇತ್ತು. ನೆತ್ತಿಯ ಮೇಲೆ ಸಾಲಾಗಿ ನಾಲ್ಕು ಪ್ಲಗ್ಗು, ಒಂದೊಂದಕ್ಕೂ ಒಂದೊಂದು ವೈರು. ಖಾಜಾಸಾಬ ಒಂದು ಬರಿಗಾಲನ್ನು ಮುಂದಿನ ತಗಡಿನ ಮೇಲಿಟ್ಟು, ಎಡಗೈಯನ್ನು ಮಡಗಾರ್ಡಿನ ಮೇಲೆ ಊರಿ, ಬಲಗೈಯಲ್ಲಿ ಮರದ ಹಿಡಿಯ ಸ್ಕ್ರೂಡ್ರೈವರ್ ಹಿಡಿದ. ಅದರ ಕಬ್ಬಿಣವನ್ನು ಪ್ಲಗ್ಗಿನ ತಲೆಗೂ ಇಂಜಿನ್ನಿಗೂ ಒಟ್ಟಿಗೆ ಮುಟ್ಟಿಸಿದರೆ ಆ ಪ್ಲಗ್ಗಿಗೆ ಕಿಡಿ ಹೋಗುವುದಿಲ್ಲ. ಆಗ ಇಂಜಿನ್ನು ಕುಗ್ಗಿದರೆ ಆ ಸಿಲಿಂಡರ್ ಅಲ್ಲಿಯವರೆಗೆ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಮುಟ್ಟಿಸಿದರೂ ಏನೂ ಬದಲಾಗದಿದ್ದರೆ ಅದು ಮೊದಲೇ ಸತ್ತದ್ದು. ಇದನ್ನೆಲ್ಲ ಅವನು ನನಗೆ ಸಾವಧಾನವಾಗಿ ಹೇಳಿ, ಒಂದೊಂದಾಗಿ ಮುಟ್ಟಿಸುತ್ತ ಹೋದ. ನಾನು ಕಿವಿಗೊಟ್ಟು ನಿಂತೆ.

"ಎರಡನೇದು. ಎರಡನೇದು ಸತ್ತೈತಿ" ಅಂದೆ.

ಅವನು ತಲೆ ಅಲ್ಲಾಡಿಸಿದ. "ಮೂರನೇದ್ರಿ."

ಮತ್ತೊಮ್ಮೆ ಮಾಡಿ ತೋರಿಸಿದ. ಎರಡನೆಯದಕ್ಕೆ ಮುಟ್ಟಿಸಿದಾಗ ಇಂಜಿನ್ನು ಇನ್ನೇನು ನಿಂತೇಹೋಗುವಂತೆ ಕುಗ್ಗಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. ಅವನು ಹೇಳಿದ್ದೇ ಸರಿ. ನನ್ನ ಚುರುಕು ಕಿವಿ ಗಾಬರಿಯಲ್ಲಿ ತಪ್ಪು ಲೆಕ್ಕ ಹಾಕಿತ್ತು.

ಇಂಜಿನ್ನು ನಿಲ್ಲಿಸಿ, ಮೂರನೆಯ ಪ್ಲಗ್ಗು ಬಿಚ್ಚಿ ನಾಲ್ಕನೆಯದರ ಜಾಗಕ್ಕೆ ಹಾಕಿದ. ನಾಲ್ಕನೆಯದನ್ನು ಮೂರಕ್ಕೆ ಹಾಕಿದ. ಮತ್ತೆ ಚಾಲೂ ಮಾಡಿದರೆ ಸತ್ತದ್ದು ಮೂರೇ. ಅಂದರೆ ಪ್ಲಗ್ಗಿನ ತಪ್ಪಲ್ಲ, ಅಲ್ಲಿಗೆ ಬರುವ ವೈರಿನ ತಪ್ಪು.

"ದಾರ್ಯಾಗ ಎಲ್ಲೋ ಕಿಡಿ ಹೊರಗ ಹಾರಾಕತ್ತೈತಿ. ಈ ಬಿಸಲಾಗ ಕಾಣಂಗಿಲ್ಲ. ಕತ್ತಲಿ ಬೇಕಿತ್ರಿ" ಅಂದ.

ನಾನು ದೊಡ್ಡ ವೀರನ ಹಾಗೆ ಹೋಗಿ ಕಂಬಳಿ ತಂದೆ. ಅವನು ಮೊದಲ ಸಲ ಜೋರಾಗಿ ನಕ್ಕ. ಇಬ್ಬರೂ ಇಂಜಿನ್ನಿನ ಮೇಲೆ ಬಗ್ಗಿ ತಲೆಯ ಮೇಲೆ ಕಂಬಳಿ ಹೊದ್ದುಕೊಂಡೆವು. ಒಳಗೆ ಕುರಿಯ ವಾಸನೆ, ಪೆಟ್ರೋಲು, ಕಾದ ಎಣ್ಣೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬ್ಯಾಟರಿಯ ಪಕ್ಕದಲ್ಲಿ ಒಂದು ನೀಲಿ ಚುಕ್ಕಿ ಮಿಣಿಕ್ ಮಿಣಿಕ್ ಅನ್ನುವುದು ನನಗೆ ಕಂಡಿತು.

"ಸಾಬ್ರ, ಇಲ್ಲೈತಿ ನೋಡ್ರಿ. ಈ ಕಡಿ" ಅಂದೆ.

ಅವನು ಇನ್ನೊಂದು ಕಡೆ ವೈರಿನ ಗುಂಟ ಬೆರಳಾಡಿಸುತ್ತ ಹುಡುಕುತ್ತಿದ್ದ. ಕೈ ಮುಂದಕ್ಕೆ ಹೋಗುತ್ತಿತ್ತು. ಮುಂದೆ ಫ್ಯಾನು ತಿರುಗುತ್ತಿತ್ತು.

"ಕೈ ತಗೀರಿ. ಫ್ಯಾನ್ ಐತಿ, ಸಾಬ್ರ, ಕೈ."

ನನ್ನ ಬಾಯಿಗೂ ಅವನ ಕಿವಿಗೂ ಒಂದು ಗೇಣೂ ಅಂತರ ಇರಲಿಲ್ಲ. ನಾನು ಕಿರುಚಿದ್ದು ಕುರುಗೋಡಿಗೆ ಕೇಳಿರಬೇಕು. ಅವನ ಕೈ ಮಾತ್ರ ನಿಲ್ಲಲಿಲ್ಲ. ಮುಂಗೈ ಹಿಡಿದು ನನ್ನ ಕಡೆ ಎಳೆದುಬಿಟ್ಟೆ. ಅಂಗಿಯ ತೋಳಿನ ತುದಿ ಫ್ಯಾನಿಗೆ ತಗುಲಿ ಟರ್ ಅಂತ ಹರಿಯಿತು. ಇಬ್ಬರೂ ಕಂಬಳಿ ಸಮೇತ ಹಿಂದಕ್ಕೆ ಮರಳಿನ ಮೇಲೆ ಬಿದ್ದೆವು.

ಕಂಬಳಿ ಸರಿಸಿದಾಗ ಅವನು ಹರಿದ ತೋಳನ್ನು ನೋಡಿದ, ಆಮೇಲೆ ನನ್ನ ಮುಖವನ್ನು. ನಾನು ಕೂಗಿದ್ದೆ ಅನ್ನುವುದು ನನ್ನ ಗಂಟಲಿನ ನರ ನೋಡಿಯೇ ಅವನಿಗೆ ತಿಳಿದಿರಬೇಕು. ಎದ್ದು ಹೋಗಿ ಇಂಜಿನ್ನು ಆರಿಸಿ ಬಂದು, ದಂಡೆಯ ಮೇಲೆ ಕೂತ.

"ಕೇಳಸಂಗಿಲ್ಲೇನ್ರಿ?" ಅಂದೆ. ಮೆಲ್ಲಗೇ ಅಂದೆ.

"ಎಡಕ್ಕ ಏನೂ ಇಲ್ರಿ. ಬಲಕ್ಕ ನಗಾರಿ ಬಾರಿಸಿದ್ರ ಅಷ್ಟ. ಬರ್ಮಾದ ಕಡಿ ನನ್ನ ಮಗ್ಗಲಕ್ಕ ಬಾಂಬ್ ಬಿದ್ದಿತ್ತು." ಪಾದಕ್ಕೆ ಹತ್ತಿದ ಮರಳು ಒರೆಸಿಕೊಳ್ಳುತ್ತ ಹೇಳಿದ, "ಮಾತು ತುಟಿ ನೋಡಿ ತಿಳಕೋತೀನಿ. ಇಂಜಿನ್ ಕಾಲಾಗ ತಿಳೀತೈತಿ. ನಿಮ್ಮ ತುಟಿ ಭಾಳ ಚಲೋ ಅದಾವ್ರಿ. ಅಂಜೋ ಮಂದಿ ಬಾಯಿ ಅಗಲ ಮಾಡಿ ಮಾತಾಡ್ತಾರ. ಸಾಹೇಬ್ರದ ತ್ರಾಸು. ಆ ಮೀಸ್ಯಾಗ ಏನೂ ಕಾಣಂಗಿಲ್ಲ."

ನನಗೆ ನಗು ಬಂತು. ನಗುತ್ತಲೇ ಜೀಪಿನೊಳಗೆ ಬಿಚ್ಚಿಟ್ಟಿದ್ದ ಬೂಟಿನ ಕಡೆ ನೋಡಿದೆ. ಅವನ ಕಿವಿ ಇದ್ದದ್ದು ಪಾದದಲ್ಲಿ. ಅದಕ್ಕೆ ದಪ್ಪ ಬೂಟು ತೊಡಿಸಿ ಮುಚ್ಚಿಸಿದವನು ನಾನು.

"ಸಾಹೇಬ್ರು ನಿಮ್ಮನ್ನ ಕೇಳ್ತಾರ ಅಂತ ಗೊತ್ತೈತ್ರಿ. ಖರೇ ಹೇಳಬ್ಯಾಡ್ರಿ ಅನ್ನಂಗಿಲ್ಲ. ಇವತ್ತು ನನ್ನ ಕೈ ಉಳಿಸೀರಿ" ಅಂದ.

ನಾನು ಎದ್ದೆ. ನೀಲಿ ಚುಕ್ಕಿ ಕಂಡ ಜಾಗವನ್ನು ತೋರಿಸಿದೆ. ಅವನು ಸಂದಿಗೆ ಕೈ ಹಾಕಿ ನನ್ನ ಕೆಂಪು ಗಂಟನ್ನು ಎಳೆದ. ಗಾಡಿಜಾಡಿನ ಏರಿಳಿತಕ್ಕೆ ವಸ್ತ್ರ ಒಂದು ಕಡೆ ಸವೆದು ತೂತಾಗಿತ್ತು. ಅದರೊಳಗಿಂದ ಹಿತ್ತಾಳೆ ಹೊಳೆಯುತ್ತಿತ್ತು. ಡಬ್ಬಿಯ ಅಂಚು ಮೂರನೆಯ ವೈರಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಹರಿದಿತ್ತು. ತಳದಲ್ಲೂ ವಸ್ತ್ರ ಸವೆದು ಡಬ್ಬಿ ಇಂಜಿನ್ನಿಗೆ ಒತ್ತಿಕೊಂಡಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ನನ್ನ ರೊಟ್ಟಿಯ ಡಬ್ಬಿಗೆ ಹಾರುತ್ತಿತ್ತು.

ಖಾಜಾಸಾಬ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಅರಿವ್ಯಾಗ ಕಟ್ಟಿದ್ರ ಆಗ್ತಿರಲಿಲ್ಲೇನ್ರಿ?"

"ಪೆಟ್ರೋಲ್ ವಾಸನಿ ಹತ್ತಿ ಹೊಟ್ಟಿ ಕೆಟ್ಟೀತು ಅಂತ..."

ಅವನು ಹರಿದ ತೋಳಿನಿಂದ ಒಂದು ಪಟ್ಟಿ ಸೀಳಿ, ಪೆಟ್ಟಿಗೆಯಲ್ಲಿದ್ದ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ವೈರಿಗೆ ಸುತ್ತಿ, ಅದರ ಮೇಲೆ ಪಟ್ಟಿ ಬಿಗಿದ. ಚಾಲೂ ಮಾಡಿದಾಗ ನಾಲ್ಕೂ ಬಡಿತ ಒಂದೇ ಸಮ ಬಂದವು. ನಾನು ಕಿವಿಯಲ್ಲಿ ಕೇಳಿದೆ. ಅವನು ಪಾದ ಊರಿ ಕೂತು ತಲೆದೂಗಿದ. ದಂಡೆಯ ಮೇಲೆ ಕೂತು ಆ ಡಬ್ಬಿಯ ರೊಟ್ಟಿಯನ್ನೇ ಇಬ್ಬರೂ ತಿಂದೆವು. ಚೆನ್ನಾಗಿ ಬಿಸಿಯಾಗಿತ್ತು.

ತೆಕ್ಕಲಕೋಟೆ ದಾಟಿ ಸಿರುಗುಪ್ಪದ ರಸ್ತೆಗೆ ಬಂದಾಗ ನನ್ನ ತಲೆಯೊಳಗೆ ಮಾತ್ರ ಜಗಳ ನಡೆದಿತ್ತು. ಕೆಲಸ ಹೋದರೆ ಮೂರು ಹೆಣ್ಣುಮಕ್ಕಳ ಗತಿಯೇನು. ಕಾಗದದಲ್ಲಿ ಸುಳ್ಳು ಬರೆಸಿ, ನಾಳೆ ಹಿಂದಿನಿಂದ ಬಂದ ಲಾರಿಯ ಹಾರ್ನು ಕೇಳದೆ ಯಾರಾದರೂ ಸತ್ತರೆ ಆ ಪಾಪ ಯಾರದು. ಅಷ್ಟರಲ್ಲಿ ಹಿಂದೆ ನಿಜವಾಗಿಯೇ ಬಸ್ಸೊಂದು ಹಾರ್ನು ಬಾರಿಸತೊಡಗಿತು. ಖಾಜಾಸಾಬ ರಸ್ತೆಯ ನಡುವೆಯೇ ಹೋಗುತ್ತಿದ್ದ. ನಾನು ಯೋಚಿಸಿ ಮಾಡಿದ್ದಲ್ಲ, ನನ್ನ ಎಡಗೈ ಹೋಗಿ ಅವನ ಬಲಭುಜವನ್ನು ಎರಡು ಸಲ ತಟ್ಟಿತು. ಅವನು ತಿರುಗಿ ನೋಡದೆ ಜೀಪನ್ನು ಎಡಕ್ಕೆ ಸರಿಸಿದ. ಬಸ್ಸು ನನ್ನ ಪಕ್ಕದಿಂದ ಧೂಳೆಬ್ಬಿಸಿ ಹೋಯಿತು.

ಬಂಗ್ಲೆಯ ಜಗಲಿಯಲ್ಲಿ ಸಾಹೇಬರು ಕಾದಿದ್ದರು. ಖಾಜಾಸಾಬ ದೂರದಲ್ಲಿ ಜೀಪು ಒರೆಸುತ್ತ ನಿಂತ. ಬೂಟು ಸೀಟಿನ ಮೇಲಿತ್ತು. ಅವನು ನಮ್ಮ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನ ತುಟಿಯನ್ನು ಓದಬಹುದಿತ್ತು.

"ಏಮಯ್ಯಾ, ಹೇಳು."

"ಸಾರ್, ದಾರ್ಯಾಗ ನಾಕು ಸಿಲಿಂಡರ್‌ನಾಗ ಒಂದು ನಿಂತಿತ್ತು. ಕಿವಿ ಇಟ್ಟು ಕೇಳಿ ನಾನು ಎರಡನೇದು ಅಂದೆ. ಅವ ಮೂರನೇದು ಅಂದ. ಅವ ಹೇಳಿದ್ದ ಖರೇ ಆತು."

"ಹಾಗಾದರೆ ಕಿವಿ?"

"ನನ್ನ ಕಿವಿಗಿಂತ ಅವ ಚಲೋ ಕೆಲಸ ಮಾಡ್ತಾನ ಸಾರ್. ಒಂದ ಅರ್ಜಿ ಐತಿ. ಆ ಬೂಟು ಬಿಚ್ಚಾಕ ಅಪ್ಪಣಿ ಕೊಡ್ರಿ. ಬರಿಗಾಲಾಗ ಅವ ಭಾಳ ಚಲೋ ಓಡಸ್ತಾನ."

"ಬೂಟು ಬೇಕು ಅಂತ ಹೇಳಿದವನು ನೀನೇ ಅಲ್ಲವಾ?"

"ಹೌದು ಸಾರ್. ಇನ್ನೊಂದು. ಜೀಪು ಎಲ್ಲಿಗೆ ಹೋದರೂ ನನ್ನನ್ನೂ ಕಳಸ್ರಿ. ಅಂಕಿ ಬರಕೊಳ್ಳಾಕ ಸಲೀಸು ಆಗ್ತೈತಿ."

ಸಾಹೇಬರು ನನ್ನನ್ನು ಬಹಳ ಹೊತ್ತು ನೋಡಿದರು. ಜೀಪಿನಲ್ಲಿ ಕೂರಲು ಹೆದರಿ ನಾನು ಹೇಳುತ್ತಿದ್ದ ಕುಂಟುನೆಪಗಳೆಲ್ಲ ಅವರಿಗೆ ಬಾಯಿಪಾಠ ಇದ್ದವು. ಅವರಿಗೆ ಎಷ್ಟು ಅರ್ಥವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. "ಸರೇ" ಅಂದರು. ಮೀಸೆಯೊಳಗೆ ನಕ್ಕರೋ ಏನೋ, ಅದೂ ಕಾಣಲಿಲ್ಲ.

ಖಾಜಾಸಾಬನ ನೌಕರಿ ಕಾಯಂ ಆಯಿತು. ನನಗೂ ಒಂದು ನೌಕರಿ ಕಾಯಂ ಆಯಿತು. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜೀಪಿಗೆ ಹೆದರುತ್ತಿದ್ದ ಮನುಷ್ಯ ಮುಂದೆ ಮೂರು ವರ್ಷ ಕಿವಿ ಕೇಳದ ಡ್ರೈವರನ ಪಕ್ಕದಲ್ಲಿ ಕೂತು ಕೆಂಚನಗುಡ್ಡದಿಂದ ಕುರುಗೋಡಿನ ತನಕ ತಿರುಗಿದ. ಹಿಂದೆ ಹಾರ್ನು ಕೇಳಿದರೆ ಎರಡು ತಟ್ಟು, ಕೂಡುರಸ್ತೆಯಲ್ಲಿ ಸದ್ದು ಬಂದರೆ ಒಂದು. ಅವನ ಜೊತೆ ಅದನ್ನು ಮಾತಾಡಿ ಗೊತ್ತು ಮಾಡಿಕೊಂಡದ್ದಲ್ಲ. ಒಂದೇ ಒಂದು ದಿನ ನನಗೆ ಜ್ವರ ಬಂದು ಅವನು ಒಬ್ಬನೇ ತೆಕ್ಕಲಕೋಟೆಗೆ ಹೋದ. ಅವತ್ತು ಸತ್ಯನಾರಾಯಣಪೇಟೆಯ ಮನೆಯಲ್ಲಿ ಮಲಗಿ, ಸಂಜೆ ಆ ಇಂಜಿನ್ನಿನ ನಾಲ್ಕು ಬಡಿತ ಬೀದಿಯಲ್ಲಿ ಕೇಳುವ ತನಕ ನಾನು ಪಟ್ಟ ಪಾಡು ನನಗೇ ಗೊತ್ತು. ಸಾಹೇಬರಿಗೆ ಆಡಿದ ಒಂದು ಮಾತೂ ಸುಳ್ಳಲ್ಲ. ಆದರೂ ನಿಜ ಹೇಳಿದೆ ಅಂತ ಎದೆ ತಟ್ಟಿ ಹೇಳಲು ಇವತ್ತಿಗೂ ಬಾಯಿ ಬರುವುದಿಲ್ಲ.

ಅಳತೆಯ ಕೆಲಸ ಮುಗಿದು ಜೀಪು ಬೇರೆ ಕಡೆ ಹೋಯಿತು. ಖಾಜಾಸಾಬ ತಾನಾಗಿಯೇ ಕೆಲಸ ಬಿಟ್ಟು ಈಗ ಕುರುಗೋಡಿನಲ್ಲಿ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಾನೆ. ಹೋದಾಗಲೆಲ್ಲ ಬರಿಗಾಲಿನಲ್ಲೇ ಇರುತ್ತಾನೆ. ಬಾಯಿ ಅಗಲ ಮಾಡಿ ಮಾತಾಡುತ್ತೇನೆ, ನಗುತ್ತಾನೆ.

ನನಗೀಗ ಐವತ್ತು ದಾಟಿದೆ. ಹೋದ ತಿಂಗಳು ಸಿರುಗುಪ್ಪದ ಬಸ್ಸಿನಲ್ಲಿ ಕೂತಿದ್ದೆ. ಹಿಂದೆ ಲಾರಿಯೊಂದು ಹಾರ್ನು ಹಾಕಿತು. ಎಡಗಡೆ ಕೂತಿದ್ದ ಅಪರಿಚಿತ ರೈತ ಬೆಚ್ಚಿ ನನ್ನ ಕಡೆ ತಿರುಗಿ, "ಏನ್ರಿ ಯಜಮಾನ್ರ?" ಅಂದ. ನೋಡಿದರೆ ನನ್ನ ಕೈ ಅವನ ಭುಜದ ಮೇಲಿತ್ತು. ಎರಡು ಸಲ ತಟ್ಟಿಯೂ ಆಗಿತ್ತು.

"ಏನಿಲ್ಲಪ್ಪಾ, ಲಾರಿ ಬಂತು" ಅಂದೆ.